ಸಿಕ್ಕು

"ಕೂದ್ಲೂ... ಕೂದ್ಲಿಗೆ ಪಾತ್ರೇ..."
ಲಿಂಗರಾಜಪುರದ ನಮ್ಮ ಓಣಿಗೆ ಸವಾರಮ್ಮ ಬಂದಳೆಂದರೆ
ಕಾಂಪೌಂಡು ಗೋಡೆಯ ಬಿರುಕಿಗೆ ಬೆರಳು ತೂರಿಸಿ
ಬಾಚುವಾಗ ಉದುರಿದ ಮೂರು ತಿಂಗಳನ್ನು
ಹೊರಗೆಳೆಯುತ್ತೇನೆ.
ಉಂಡೆ ಉಂಡೆ. ಮೇಲೆ ಗೋಡೆಯ ಸುಣ್ಣ.

ತಕ್ಕಡಿ ಅವಳದು, ಬೊಟ್ಟೂ ಅವಳದು.
"ಬಿಳೀದು ಜಾಸ್ತಿ ಅಕ್ಕಾ" ಎನ್ನುತ್ತಾಳೆ,
ನನ್ನ ವಯಸ್ಸನ್ನು ಗ್ರಾಮಿನಲ್ಲಿ ಕಳೆದು.
ಹಿಂದೆ ಇದೇ ತೂಕಕ್ಕೆ ಸ್ಟೀಲಿನ ಡಬರಿ ಕೊಟ್ಟಿದ್ದಳು.
ಆಮೇಲೊಂದು ವರ್ಷ ನಾಲ್ಕು ಸೇಫ್ಟಿ ಪಿನ್ನು, ಒಂದು ಬಲೂನು.
ಎಲ್ಲೋ ಗಡಿ ಮುಚ್ಚಿದಾರಂತೆ,
ಬರ್ಮಾದ ಹೆಂಗಸರು ಸಿಕ್ಕು ಬಿಡಿಸುತ್ತಿಲ್ಲವಂತೆ.
ಬರ್ಮಾ ಎಲ್ಲಿದೆಯೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಇಬ್ಬರಿಗೂ ತಿಳಿದದ್ದು ಇಷ್ಟೇ:
ಅಲ್ಲಿ ಯಾರೋ ಕೈ ನಿಲ್ಲಿಸಿದರೆ
ಇಲ್ಲಿ ಡಬರಿ ಪಿನ್ನಾಗುತ್ತದೆ.

ನಾನು ಗುಡಿಸುವ ಅಂಗಡಿ ಕಮ್ಮನಹಳ್ಳಿಯಲ್ಲಿ,
ಕೋಳಿ ಅಂಗಡಿಯ ಮೇಲಿನ ಮಹಡಿ.
ಒಡತಿ ಬಿಬಿಯಾನ್, ಕಾಂಗೋದವಳು.
ಬಿಕಾಂ ಓದಲು ಬಂದು, ಓದು ಮುಗಿಯುವಷ್ಟರಲ್ಲಿ
ಊರಲ್ಲಿ ಗುಂಡು ಹಾರಿ, ಇಲ್ಲೇ ಉಳಿದವಳು.
ಎರಡು ಬಾಡಿಗೆ ಕೊಡುತ್ತಾಳೆ:
ಒಂದು ಮನೆಯದು, ಒಂದು ಮೈಬಣ್ಣದ್ದು.
ಮೊದಲು ಕಲಿತ ಕನ್ನಡ, "ನಾಳೆ ಕೊಡ್ತೀನಿ ಸಾರ್."

ಭಾನುವಾರ ಚರ್ಚು ಬಿಟ್ಟ ಮೇಲೆ ಹುಡುಗಿಯರು ಬರುತ್ತಾರೆ,
ಐದೈದು ಗಂಟೆ ಕೂತು ಹೆಣೆಸಿಕೊಳ್ಳುತ್ತಾರೆ.
ಅವಳ ಬೆರಳು ನೋಡಬೇಕು,
ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಹಾಗೆ
ಬಾಯಿ ಬೇರೇನೋ ಮಾತಾಡುತ್ತಿರುವಾಗ
ತಮ್ಮ ಪಾಡಿಗೆ ನಡೆಯುತ್ತವೆ.

ಹೋದ ವಾರ ಚೀನಾದಿಂದ ಪಾರ್ಸೆಲ್ ಬಂತು.
ಕತ್ತರಿ ಹಾಕಿ ಬಿಚ್ಚಿದವಳು ನಾನೇ.
ಕಪ್ಪು, ನುಣುಪು, ಇಪ್ಪತ್ತೆರಡು ಇಂಚು.
ಹನ್ನೆರಡು ಸಾವಿರ!
ಚೀಟಿಯಲ್ಲೇನಿದೆ ಅಂದೆ.
"ಬ್ರೆಜಿಲ್ ಕೂದಲು" ಎಂದು ಓದಿ, ನಕ್ಕಳು:
"ಇಷ್ಟು ವರ್ಷ ಮಾರಿ ಮಾರಿ
ಬ್ರೆಜಿಲ್ ಹೆಂಗಸರೆಲ್ಲ ಬೋಳಾಗಿರಬೇಕು ಆಂಟಿ.
ಇದು ನಿಮ್ಮ ಕಡೆಯದೇ. ಎಲ್ಲರಿಗೂ ಗೊತ್ತು."

ಮೂಸಿ ನೋಡಿದೆ.
ಸೀಗೆಯಿಲ್ಲ, ಹರಳೆಣ್ಣೆಯಿಲ್ಲ, ಸುಣ್ಣವಿಲ್ಲ.
ಆಸ್ಪತ್ರೆಯ ವಾಸನೆ.
ನನ್ನದು ಅನ್ನಲಾರೆ. ಅಮ್ಮನ ಚೌರಿಗಾದರೆ ಗುರುತಿತ್ತು,
ತುದಿಯಲ್ಲಿ ಕೆಂಪು ಕುಚ್ಚು;
ಅವಳ ತಲೆಯಿಂದ ಉದುರಿದ್ದು ಅವಳ ಜಡೆಗೇ ಮರಳುತ್ತಿತ್ತು,
ಎರಡು ಮೊಳದ ದಾರಿ.
ಇದು ದೇಶ ದೇಶ ಸುತ್ತಿ, ಹೆಸರು ಬದಲಿಸಿಕೊಂಡು,
ಹೊರಟ ಗೋಡೆಯಿಂದ ಎರಡು ಮೈಲಿ ದೂರಕ್ಕೆ ಬಂದು ಇಳಿದಿದೆಯೋ ಏನೋ.
ಇದರ ಕಾಗದ ಯಾರೂ ಕೇಳಲಿಲ್ಲ.
ಬಿಬಿಯಾನ್ ಮಾತ್ರ ತನ್ನ ಕಾಗದಕ್ಕೆ
ತಿಂಗಳಲ್ಲಿ ಮೂರು ಸಲ ವಿದೇಶಿಯರ ಕಚೇರಿಯ ಬೆಂಚು ಸವೆಸುತ್ತಾಳೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ,
ನಾನು ಹೂ ಮುಡಿದಾಗಲೆಲ್ಲ ಅತ್ತೆ ಚುಚ್ಚುತ್ತಿದ್ದಳು.
ಈಗ ಸವಾರಮ್ಮನಿಗೆ, ಬಿಬಿಯಾನಳಿಗೆ, ನನಗೆ
ಜುಟ್ಟಿನಿಂದಲೇ ಹಿಟ್ಟು.

ಅಂಗಡಿ ಮುಚ್ಚುವ ಹೊತ್ತು. ತನ್ನ ತಲೆಯಿಂದ ಉದುರಿದ್ದನ್ನು
ಕಾಗದದಲ್ಲಿ ಸುತ್ತಿ ಬೇಸಿನ್ನಿಗೆ ಹಾಕಿದಳು.
"ಬಿದ್ದ ಕೂದಲು ಪರರ ಕೈಗೆ ಸಿಗಬಾರದು,
ಮಾಟ ಮಾಡ್ತಾರೆ. ನಮ್ಮಜ್ಜಿ ಹೇಳೋಳು."
ನಮ್ಮತ್ತೆಯೂ ಹಾಗೇ ಅನ್ನೋಳು, ಅಂದೆ.
"ಮತ್ತೆ ನೀವು?"

ಎಣಿಸಿದೆ. ಮೂವತ್ತು ವರ್ಷಕ್ಕೆ
ಒಂದು ಡಬರಿ, ಎರಡು ಸೌಟು, ಮಗಳಿಗೊಂದು ಬಲೂನು.
ಆ ಪಿನ್ನುಗಳಲ್ಲೊಂದು
ಈಗಲೂ ಭುಜದ ಮೇಲೆ ಸೆರಗು ಹಿಡಿದು ನಿಂತಿದೆ.
ನನ್ನ ಜುಟ್ಟು ಯಾವ ಊರಲ್ಲಿ, ಯಾರ ಕೈಯಲ್ಲಿದೆಯೋ.

ಕಡ್ಡಿ ಗೀರಿದಳು.
ಸುಟ್ಟ ವಾಸನೆಗೆ ಕೆಳಗಿನ ಕೋಳಿ ಅಂಗಡಿಯವನು
ತಲೆಯೆತ್ತಿ ಏನೋ ಬೈದ.
ನಾನೆದ್ದು ಕಿಟಕಿ ತೆರೆದೆ.